ಹೆಸರು ಬದಲಾದ ವರದಕ್ಷಿಣೆ



ನಮ್ಮಜ್ಜಿ ಕಾಲಕ್ಕೆ ಎಷ್ಟೋ ಜಾತಿಗಳಲ್ಲಿ ಗಂಡಿನವರೇ ಹೆಣ್ಣಿನ ಮನೆಗೆ ‘ತೆರ’ ಕೊಡುತ್ತಿದ್ದರು. ಅದೂ ಹೆಣ್ಣಿಗೆ ಬೆಲೆ ಕಟ್ಟಿದ್ದೇ, ಬಿಡಿ. ಆಮೇಲೆ ಹಣದ ದಿಕ್ಕು ತಿರುಗಿ ‘ವರದಕ್ಷಿಣೆ’ ಬಂತು. ದಕ್ಷಿಣೆ ಪೂಜೆ ಮಾಡಿಸಿದವರಿಗೆ ಕೊಡುವಂಥದು. ವರ ಯಾವ ಪೂಜೆ ಮಾಡಿಸಿದ? 1961ರ ಕಾಯ್ದೆ ಅದನ್ನು ನಿಷೇಧಿಸಿತು. ಈಗ ‘ವರೋಪಚಾರ’ ಎನ್ನುತ್ತಾರೆ, ‘ಉಡುಗೊರೆ’ ಎನ್ನುತ್ತಾರೆ.

ನನ್ನ ಮಗಳ ಮಾತುಕತೆಯಲ್ಲಿ ಬೀಗರು, ‘ನಮಗೇನೂ ಬೇಡ, ಮದುವೆ ಚೆನ್ನಾಗಿ ಮಾಡಿಕೊಡಿ’ ಎಂದರು. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ‘ಚೆನ್ನಾಗಿ’ ಎಂಬುದರ ಅರ್ಥ ತಿಳಿದದ್ದು ಛತ್ರದಲ್ಲಿ, ಹಿಂದಿನ ರಾತ್ರಿ ಸ್ಕೂಟರ್ ಕೇಳಿದಾಗ. ಕೊಟ್ಟೆವು.

ಕಾಯ್ದೆ ಹೆಸರನ್ನು ನೋಡುವುದಿಲ್ಲ. ಮದುವೆಗಾಗಿ ಕೇಳಿ ಪಡೆದದ್ದೆಲ್ಲ ವರದಕ್ಷಿಣೆಯೇ. ಸಂಘದ ಪುಸ್ತಕದಲ್ಲಿ ‘ಮದುವೆ ಖರ್ಚಿಗೆ ಸಾಲ’ ಎಂದು ಬರೆಯುವ ಮುಂಚೆ ಒಂದು ಮಾತು ಕೇಳಿ: ಇದರಲ್ಲಿ ಗಂಡಿನ ಮನೆಗೆ ಎಷ್ಟು?