ಕುಡಿತ ಬಿಟ್ಟವನ ತಟ್ಟೆ



ಬನದ ಹುಣ್ಣಿಮೆಯ ಜಾತ್ರೆ ಮುಗಿಯಿತು. ಬನಶಂಕರಿಯಲ್ಲಿ ಬಳೆ, ಆಟಿಗೆ ಸಾಮಾನಿನ ಅಂಗಡಿ ಹಾಕಿದ್ದ ನಮ್ಮ ಮೊಹಲ್ಲಾದವರು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಮರಳಿದ್ದಾರೆ. ಅಲ್‌ಹಮ್ದುಲಿಲ್ಲಾಹ್, ವ್ಯಾಪಾರ ಚೆನ್ನಾಗಿಯೇ ಆಯಿತಂತೆ. ಅದೇ ದಿನಗಳಲ್ಲಿ ಒಬ್ಬ ತಾಯಿ ಅಳುತ್ತ ನಮ್ಮ ಬಾಗಿಲಿಗೆ ಬಂದಿದ್ದರು. ತಾಯಿ, ಮಗ ಇಬ್ಬರನ್ನೂ ಕೇಳಿಯೇ ಇಂದು ಈ ವಿಷಯ ಎತ್ತಿದ್ದೇವೆ. ಯಾರ ಮನೆ ಎಂದು ಯಾರೂ ಹುಡುಕಬೇಡಿ.

ಮಗ ಕುಡಿತ ಬಿಟ್ಟು ಎಂಟು ತಿಂಗಳಾಗಿತ್ತು. "ಈಗ ಹೊಟ್ಟಿ ತುಂಬ ಉಣ್ತಾನ್ರೀ ಹಜರತ್" ಎಂದು ತಾಯಿ ಮೊದಮೊದಲು ಖುಷಿಯಿಂದಲೇ ಹೇಳುತ್ತಿದ್ದರು. ಬರಬರುತ್ತ, ಎಲ್ಲರೂ ಮಲಗಿದ ಮೇಲೆ ರೊಟ್ಟಿ ಬುಟ್ಟಿ ಖಾಲಿಯಾಗತೊಡಗಿತು. ಅಮೀನಗಡದ ಕರದಂಟಿನ ಡಬ್ಬಿ ಒಂದೇ ರಾತ್ರಿಗೆ ಮುಗಿದು ಹಾಸಿಗೆಯ ಕೆಳಗೆ ಸಿಗುತ್ತಿತ್ತು. ಹಸಿವಿಲ್ಲ, ರುಚಿಯೂ ತಿಳಿಯುವುದಿಲ್ಲ, ಕೈ ಮಾತ್ರ ನಿಲ್ಲುವುದಿಲ್ಲ. ಬೆಳಗಾದರೆ ಯಾರ ಮುಖ ನೋಡಲೂ ನಾಚಿಕೆ.

ಅವನು ನಮ್ಮ ಬಳಿ ಬಂದಾಗ ನಾವು ಹೇಳಿದ್ದೇನು? ನಫ್ಸ್ ಹದ್ದುಬಸ್ತಿಗೆ ಬರಲಿ, ಸೋಮವಾರ, ಗುರುವಾರ ಉಪವಾಸ ಹಿಡಿ ಎಂದೆವು. ಹಿಡಿದ. ಹಗಲೆಲ್ಲ ಖಾಲಿ ಹೊಟ್ಟೆ, ಮಗ್ರಿಬ್ ಆದ ಮೇಲೆ ಎರಡು ಪಟ್ಟು ಊಟ, ಅದಕ್ಕೆ ತಕ್ಕಂತೆ ಎರಡು ಪಟ್ಟು ನಾಚಿಕೆ. ಜಾತ್ರೆಯ ಒಂದು ರಾತ್ರಿ ಆ ನಾಚಿಕೆ ತಾಳಲಾರದೆ ಮತ್ತೆ ಕುಡಿದ. ಇದರಲ್ಲಿ ನಮ್ಮ ಸಲಹೆಯ ಪಾಲೂ ಇದೆ.

ಆಮೇಲೆ ವೈದ್ಯರನ್ನು ಕೇಳಿದೆವು, ಓದಿದೆವು. ತಡೆಯಲಾಗದಂತೆ, ಕದ್ದುಮುಚ್ಚಿ, ಹೊಟ್ಟೆ ನೋಯುವವರೆಗೆ ತಿನ್ನುವುದು ವಾರಕ್ಕೊಮ್ಮೆಯಾದರೂ ಮೂರು ತಿಂಗಳು ನಡೆದರೆ ಅದೊಂದು ಪ್ರತ್ಯೇಕ ಕಾಯಿಲೆ ಎಂದು ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಒಪ್ಪಿತು. ವಲೀಮಾದಲ್ಲಿ ಎರಡು ತಟ್ಟೆ ಬಿರಿಯಾನಿ ಹೊಡೆಯುವುದು ಆ ಕಾಯಿಲೆಯಲ್ಲ. ಅದನ್ನು ಬೇರೆ ಜುಮಾದಲ್ಲಿ ಮಾತಾಡೋಣ. ಕುಡಿತದ ಚಟವಿರುವ ಕೆಲವರಲ್ಲಿ ಈ ಕಾಯಿಲೆಯೂ ಜೊತೆಗಿರುತ್ತದೆ. ಮದ್ಯವಾಗಲಿ, ಸಿಹಿ, ಎಣ್ಣೆ ಪದಾರ್ಥವಾಗಲಿ, ಮಿದುಳಿನಲ್ಲಿ ಸುಖ ಕೊಡುವ ದಾರಿ ಬಹುಮಟ್ಟಿಗೆ ಒಂದೇ. ಕುಡಿತದ ಸೆಳೆತ ತಗ್ಗಿಸಲು ಕೊಡುವ ನಾಲ್ಟ್ರೆಕ್ಸೋನ್ ಎಂಬ ಔಷಧವನ್ನು ಇನ್ನೊಂದು ಔಷಧದ ಜೊತೆ ಬೆರೆಸಿ ಬೊಜ್ಜಿಗೂ ಕೊಡಲು 2014ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಕಾಲುವೆಗೆ ಒಂದು ಕಡೆ ಒಡ್ಡು ಹಾಕಿದರೆ ನೀರು ಇನ್ನೊಂದು ಕಡೆ ಒಡೆಯುವುದನ್ನು ಹೊಲ ಇರುವವರು ನೋಡಿದ್ದೀರಿ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಂತಿತೇ?

ಮದ್ಯ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನಿಷೇಧವೂ ಹಂತಹಂತವಾಗಿ ಬಂತು. ಅಲ್‌ಬಕರ, ಅನ್ನಿಸಾ, ಕೊನೆಗೆ ಅಲ್‌ಮಾಇದ. ಮನುಷ್ಯನ ದೌರ್ಬಲ್ಯ ಅವನನ್ನು ಸೃಷ್ಟಿಸಿದವನಿಗೆ ಗೊತ್ತು. ಕುಡಿದು ಮತ್ತೆ ಮತ್ತೆ ಶಿಕ್ಷೆಗೆ ಗುರಿಯಾದ ಒಬ್ಬ ಸಹಾಬಿಯನ್ನು ಯಾರೋ ಶಪಿಸಿದಾಗ ಪ್ರವಾದಿ(ಸ) ತಡೆದರು. ಅವನಿಗೆ ಅಲ್ಲಾಹ್ ಮತ್ತು ರಸೂಲರ ಮೇಲೆ ಪ್ರೀತಿಯಿದೆ ಎಂದು ಸಾಕ್ಷಿ ನುಡಿದರು. ಬುಖಾರಿಯಲ್ಲಿರುವ ಹದೀಸ್ ಇದು. ಶಿಕ್ಷೆಯನ್ನು ಅವರು ಬಿಡಲಿಲ್ಲ, ಆ ಮನುಷ್ಯನನ್ನೂ ಕೈಬಿಡಲಿಲ್ಲ. ನಮ್ಮ ಓಣಿಯಲ್ಲಿ ಕುಡಿತ ಬಿಟ್ಟವನನ್ನು ಕಂಡರೆ ಮಾತ್ರ "ಬಾಟಲಿ ಬಿಟ್ಟ, ಪರಾತ ಹಿಡಿದ" ಎಂಬ ನಗೆಚಾಟಿಕೆ. ಅದು ಮಸೀದಿಯ ಮೆಟ್ಟಿಲ ಮೇಲೂ ನಮ್ಮ ಕಿವಿಗೆ ಬಿದ್ದಿದೆ.

ತಾಯಂದಿರೇ, ಇಂಥ ಮಗನಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿ, ಜೊತೆಗೆ ಕುಳಿತು ಉಣ್ಣಿ. ಡಬ್ಬಿಗೆ ಬೀಗ ಹಾಕಿ, ಬೈದು ಉಪವಾಸ ಕೆಡವಿದರೆ ಕಾಯಿಲೆ ಹೆಚ್ಚಾಗುತ್ತದೆ. ಬಹಳ ವರ್ಷ ಕುಡಿದವರು ತೌಬಾ ಮಾಡಿದ ದಿನವೇ ವೈದ್ಯರನ್ನೂ ಕಾಣಬೇಕು. ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ರಮಝಾನ್ ಹತ್ತಿರ ಬರುತ್ತಿದೆ. ಚಿಕಿತ್ಸೆಯಲ್ಲಿರುವವರು ಉಪವಾಸದ ಬಗ್ಗೆ ಮೊದಲು ವೈದ್ಯರನ್ನು ಕೇಳಿ, ನಂತರ ನಮ್ಮನ್ನು ಕೇಳಿ. ರೋಗಿಗೆ ಕುರ್‌ಆನ್ ಕೊಟ್ಟ ರಿಯಾಯಿತಿಯನ್ನು ನಾವು ಕಸಿಯುವುದಿಲ್ಲ. ಸರ್ಕಾರದ ಟೆಲಿ ಮನಸ್ ಸಂಖ್ಯೆ 14416. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ಹುಡುಗನನ್ನು ಬರುವ ಮಂಗಳವಾರ ಧಾರವಾಡದ ಡಿಮ್ಹಾನ್ಸ್‌ಗೆ ಕರೆದೊಯ್ಯುತ್ತಿದ್ದೇವೆ. ಫಜ್ರ್ ಆದ ಕೂಡಲೇ ಹೊರಡುವುದು. ಗಾಡಿಯಲ್ಲಿ ಇನ್ನೂ ಎರಡು ಜಾಗವಿದೆ. ಬೇಕಾದವರು ಅಸರ್ ನಂತರ ಹುಜ್ರಾಕ್ಕೆ ಒಬ್ಬರೇ ಬನ್ನಿ, ಬಾಗಿಲು ಹಾಕಿಕೊಂಡೇ ಮಾತಾಡೋಣ.