ಬಡಗಣ ನಾಡುಗಳಲ್ಲಿ ಒಂದು ಒಗಟಿನ ಆಟ



ಯೂರೋಪಿನ ಭೂಪಟವನ್ನು ಗೋಡೆಗೆ ತೂಗುಹಾಕಿದಾಗ ಮೊಳೆ ಹೊಡೆಯುವ ಮೇಲಂಚಿನ ಹತ್ತಿರ ಐದು ದೇಶಗಳು ತಮ್ಮಷ್ಟಕ್ಕೆ ತಾವಿರುತ್ತವೆ: ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಫಿನ್ಲೆಂಡ್, ಐಸ್ಲೆಂಡ್. ಇವಕ್ಕೆ ಒಟ್ಟಾಗಿ ನಾರ್ಡಿಕ್ ದೇಶಗಳೆಂದು ಹೆಸರು. ಆ ಸೀಮೆಯ ಮಾತಿನಲ್ಲಿ ನೋರ್ಡ್ ಎಂದರೆ ಉತ್ತರ ದಿಕ್ಕು. ನಮ್ಮ ಹಳೆಯ ಕನ್ನಡದಲ್ಲಿ ಹೇಳುವುದಾದರೆ ಬಡಗಣ ನಾಡುಗಳು. ಶಾಲೆಯ ಪಾಠದಲ್ಲಿ ಇವುಗಳ ಪಾಲಿಗೆ ಬರುವುದು ಸ್ವಲ್ಪವೇ. ಫಿಯೋರ್ಡ್ ಎಂಬ ಒಂದು ಶಬ್ದ, ನಡುರಾತ್ರಿಯ ಸೂರ್ಯ, ಒಂದಿಷ್ಟು ಮರ, ಒಂದಿಷ್ಟು ಮೀನು. ಅಲ್ಲಿಗೆ ಗಂಟೆ ಹೊಡೆಯುತ್ತದೆ.

ಕನ್ನಡ ಮೇಷ್ಟರಿಗೆ ಈ ದೇಶಗಳ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಶಾಲೆಯ ಮಕ್ಕಳು ಕಂಪ್ಯೂಟರಿನ ಮುಂದೆ ಆಡುವ ಒಂದು ಆಟ ನನ್ನನ್ನು ಅಲ್ಲಿಗೆ ಎಳೆದೊಯ್ದಿತು. ಅದರ ಹೆಸರು ಜಿಯೋಗೆಸ್ಸರ್. ಸ್ವೀಡನ್ನಿನ ಆಂಟನ್ ವಾಲೆನ್ ಎಂಬಾತ 2013ರಲ್ಲಿ ಇದನ್ನು ಹೊರತಂದ. ಗೂಗಲ್ ಸಂಸ್ಥೆಯವರು 2007ರಿಂದ ಕಾರಿನ ನೆತ್ತಿಯ ಮೇಲೆ ಕ್ಯಾಮೆರಾ ಕೂರಿಸಿ, ದೇಶದೇಶಗಳ ಬೀದಿಗಳಲ್ಲಿ ಓಡಿಸಿ, ಸುತ್ತಲಿನ ನೋಟವನ್ನೆಲ್ಲ ಸೆರೆಹಿಡಿಯುತ್ತ ಬಂದಿದ್ದಾರಷ್ಟೆ. ಆಟದ ಯಂತ್ರ ಆ ರಾಶಿಯಿಂದ ಒಂದು ಚಿತ್ರವನ್ನು ಹೆಕ್ಕಿ ನಿಮ್ಮ ಮುಂದಿಡುತ್ತದೆ. ಊರ ಹೆಸರಿಲ್ಲ, ದೇಶದ ಹೆಸರಿಲ್ಲ. ಸುತ್ತಲೂ ತಿರುಗಿ ನೋಡಬಹುದು, ದಾರಿ ಹಿಡಿದು ಮುಂದೆ ಹೋಗಬಹುದು. ಆಮೇಲೆ ಭೂಪಟದ ಮೇಲೆ ಬೆರಳಿಟ್ಟು ‘ಇದು ಇಲ್ಲಿ’ ಎನ್ನಬೇಕು. ನಿಜವಾದ ಜಾಗಕ್ಕೆ ಹತ್ತಿರವಾದಷ್ಟೂ ಅಂಕ ಹೆಚ್ಚು. ಒಂದು ಸುತ್ತಿಗೆ ಹೆಚ್ಚೆಂದರೆ 5000; ಅಂಥ ಐದು ಸುತ್ತು. ಇಂಥದೇ ಬಗೆಯ ಸ್ಥಳಗಳೆಂದು ಆರಿಸಿ, ಕಟ್ಟು ಮಾಡಿ ಆಡುವುದೂ ಉಂಟು. ಬಡಗಣ ದೇಶಗಳ ಹೆಸರಾಂತ ತಾಣಗಳ ಕಟ್ಟೊಂದನ್ನು ನಾನು ಮಕ್ಕಳೊಡನೆ ಬಿಚ್ಚಿ ನೋಡುತ್ತಿರುತ್ತೇನೆ. ನೋಡುವ ಆಟವನ್ನು ಬಾನುಲಿಯಲ್ಲಿ ಹೇಳುವುದೆಂದರೆ ಊಟದ ರುಚಿಯನ್ನು ಪತ್ರದಲ್ಲಿ ಬರೆದು ಕಳುಹಿಸಿದಂತೆ. ಆದರೂ ಹೇಳುತ್ತೇನೆ, ನೀವು ಮನಸ್ಸಿನಲ್ಲೇ ಪಟ ಬಿಡಿಸಿಕೊಳ್ಳಿ.

ಮೊದಲು ಕಾಣಿಸುವುದು ಸಮುದ್ರದ ಅಂಚು. ಬಂಡೆಯೊಂದರ ಮೇಲೆ ಕಂಚಿನ ಹುಡುಗಿ, ತಲೆ ತುಸು ತಗ್ಗಿಸಿ ಕುಳಿತಿದ್ದಾಳೆ. ಚಿತ್ರ ಮೂಡುವ ಮೊದಲೇ ಮಕ್ಕಳು ಕೂಗುತ್ತಾರೆ: “ಕೋಪನ್‌ಹೇಗನ್! ಮತ್ಸ್ಯಕನ್ಯೆ!” 5000 ಅಂಕ ಬಂತು, ಮುಂದಿನ ಚಿತ್ರಕ್ಕೆ ಅವಸರ. “ಡೆನ್ಮಾರ್ಕ್ ನೋಡಿ ಆಯಿತು, ಸಾರ್” ಎಂದ ಒಬ್ಬ ಹುಡುಗ. ನನ್ನ ತಕರಾರು ಇರುವುದು ಈ ‘ನೋಡಿ ಆಯಿತು’ ಎಂಬ ಮಾತಿನ ಮೇಲೆ.

ಆ ಹುಡುಗಿಯ ಎತ್ತರ ಕೇವಲ ಒಂದೂಕಾಲು ಮೀಟರ್. ಎಷ್ಟೋ ಪುಸ್ತಕಗಳ ಹೊದಿಕೆಯ ಮೇಲೆ ಗೋಪುರದಷ್ಟು ದೊಡ್ಡದಾಗಿ ಕಾಣುವ ಆಕೃತಿ, ಬೀದಿಯಿಂದ ನೋಡಿದರೆ ನಮ್ಮ ಎಂಟನೆಯ ತರಗತಿಯ ಹುಡುಗಿಗಿಂತ ಚಿಕ್ಕದು. ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಕಾರ್ಲ್ ಯಾಕೋಬ್ಸೆನ್ ಎಂಬ ಧನಿಕ ಮತ್ಸ್ಯಕನ್ಯೆಯ ನೃತ್ಯರೂಪಕವೊಂದನ್ನು ನೋಡಿ ಮನಸೋತು ಈ ಪ್ರತಿಮೆಯನ್ನು ಮಾಡಿಸಿದ. ಶಿಲ್ಪಿ ಎಡ್ವರ್ಡ್ ಎರಿಕ್ಸೆನ್. ಇದನ್ನು ನಿಲ್ಲಿಸಿದ್ದು 1913ರಲ್ಲಿ. ಮೂಲ ಕಥೆ 1837ರಲ್ಲಿ ಹಾನ್ಸ್ ಕ್ರಿಸ್ಟಿಯನ್ ಆಂಡರ್ಸನ್ ಬರೆದದ್ದು. ಮನುಷ್ಯರ ಕಾಲು ಬೇಕೆಂದು ಆ ಕನ್ಯೆ ಮಾಟಗಾತಿಗೆ ತನ್ನ ನಾಲಗೆಯನ್ನೇ ಕೊಟ್ಟುಬಿಡುತ್ತಾಳೆ. ಕಾಲು ಬಂದ ಮೇಲೆ ಇಡುವ ಪ್ರತಿ ಹೆಜ್ಜೆಯೂ ಕತ್ತಿಯ ಅಲಗಿನ ಮೇಲೆ ಇಟ್ಟಂತೆ. ಇಷ್ಟು ಸಾಲದೆಂಬಂತೆ 1964ರಲ್ಲಿ ಯಾರೋ ಪ್ರತಿಮೆಯ ತಲೆಯನ್ನು ಗರಗಸದಿಂದ ಕೊಯ್ದರು. 1984ರಲ್ಲಿ ತೋಳು ಹೋಯಿತು, 1998ರಲ್ಲಿ ಮತ್ತೆ ತಲೆ. ಪ್ರತಿ ಸಲವೂ ಅದನ್ನು ದುರಸ್ತಿ ಮಾಡಿ ಅದೇ ಬಂಡೆಯ ಮೇಲೆ ಕೂರಿಸಿದ್ದಾರೆ. ಇದನ್ನು ಹೇಳಿದ ಮೇಲೆ ಅದೇ ಹುಡುಗರು ಅದೇ ಚಿತ್ರವನ್ನು ಮತ್ತೊಮ್ಮೆ ತೆಗೆಸಿ, ಕುತ್ತಿಗೆಯಲ್ಲಿ ಬೆಸುಗೆಯ ಗುರುತು ಇದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿದರು. ಅಂಕ ಬಂದಾಗಿತ್ತು, ನೋಡುವ ಕೆಲಸ ಆಗ ಶುರುವಾಯಿತು.

ಇನ್ನೊಂದು ಚಿತ್ರ ಐಸ್ಲೆಂಡಿನ ರಾಜಧಾನಿ ರೇಕ್ಯಾವಿಕ್ಕಿನದು. ಗುಡ್ಡದ ನೆತ್ತಿಯಲ್ಲಿ ಬೂದುಬಣ್ಣದ ಒಂದು ಚರ್ಚು. ನೆಲದಿಂದ ಚಿಮ್ಮಿದ ಕಂಬಗಳು ಇಕ್ಕೆಲದಿಂದಲೂ ಮೆಟ್ಟಿಲು ಮೆಟ್ಟಿಲಾಗಿ ಏರಿ ನಡುವೆ 74 ಮೀಟರು ಮೀರಿದ ಗೋಪುರವಾಗುತ್ತವೆ. ಜ್ವಾಲಾಮುಖಿಯ ಲಾವಾರಸ ತಣಿಯುವಾಗ ಒಡೆದು ಸಾಲುಗಂಬಗಳಾಗುವುದು ಆ ದೇಶದಲ್ಲಿ ಸಾಮಾನ್ಯ ನೋಟ. ಶಿಲ್ಪಿ ಗುಡ್ಯೋನ್ ಸಾಮುಯೆಲ್ಸನ್ ಅದನ್ನೇ ಕಾಂಕ್ರೀಟಿನಲ್ಲಿ ಎರಕಹೊಯ್ಯಿಸಿದ. 1945ರಲ್ಲಿ ಶುರುವಾದ ಕೆಲಸ ಮುಗಿದದ್ದು 1986ರಲ್ಲಿ. ಇದರ ಹೆಸರು ಹಾಲ್‌ಗ್ರಿಮ್ಸ್‌ಕಿರ್ಕ್ಯ, ಅಂದರೆ ಹಾಲ್‌ಗ್ರಿಮನ ಚರ್ಚು. ಯಾರಪ್ಪಾ ಈ ಹಾಲ್‌ಗ್ರಿಮ? ರಾಜನಲ್ಲ, ದಂಡನಾಯಕನಲ್ಲ. ಹದಿನೇಳನೆಯ ಶತಮಾನದ ಒಬ್ಬ ಕವಿ, ಹಳ್ಳಿಯ ಪಾದ್ರಿ, ಕೊನೆಗಾಲದಲ್ಲಿ ಕುಷ್ಠರೋಗದಿಂದ ನವೆದು ತೀರಿಕೊಂಡವನು. ಕ್ರಿಸ್ತನ ಕಡೆಯ ದಿನಗಳ ನೋವನ್ನು ಕುರಿತು ಅವನು ಬರೆದ ಐವತ್ತು ಕೀರ್ತನೆಗಳನ್ನು ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ, ಸಂಜೆಗೊಂದರಂತೆ, ಆ ದೇಶದ ಬಾನುಲಿಯಲ್ಲಿ ಓದುತ್ತಾರೆ. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ಓದುವುದನ್ನು ರೇಡಿಯೋದಲ್ಲಿ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಜಧಾನಿಯ ನೆತ್ತಿಯ ಮೇಲೆ ಒಬ್ಬ ಕವಿಯ ಹೆಸರಿನ ಗೋಪುರ! ಪಂಡಿತ ಪರೀಕ್ಷೆಗೆ ಓದಿದ ನನ್ನಂಥವನಿಗೆ ಈ ಒಂದು ಸಂಗತಿಗಾಗಿಯೇ ಆಟದ ಖರ್ಚು ಗಿಟ್ಟಿತು.

ಸ್ಟಾಕ್‌ಹೋಮಿನ ನಗರ ಸಭಾಭವನವನ್ನು ಬೇಗ ದಾಟುತ್ತೇನೆ. ನೀರಿನ ಅಂಚಿಗೆ ಕೆಂಪು ಇಟ್ಟಿಗೆಯ ಕಟ್ಟಡ, 1923ರಲ್ಲಿ ಮುಗಿದದ್ದು, 106 ಮೀಟರಿನ ಗೋಪುರದ ತುದಿಯಲ್ಲಿ ಮೂರು ಹೊನ್ನಿನ ಕಿರೀಟ. ನೊಬೆಲ್ ಔತಣ ನಡೆಯುವುದು ಇದರೊಳಗಿನ ‘ನೀಲಿ ಸಭಾಂಗಣ’ದಲ್ಲಿ. ಆ ಸಭಾಂಗಣ ನೀಲಿಯಲ್ಲ. ಗೋಡೆಗೆ ನೀಲಿ ಬಳಿಸಬೇಕೆಂದಿದ್ದ ಶಿಲ್ಪಿ ರಾಗ್ನಾರ್ ಎಸ್ಟ್‌ಬೆರಿ ಇಟ್ಟಿಗೆಯ ಕೆಂಪನ್ನು ನೋಡಿ ಮನಸ್ಸು ಬದಲಿಸಿದ. ಹೆಸರು ಮಾತ್ರ ಉಳಿಯಿತು. ವ್ಯಾಕರಣದಲ್ಲಿ ರೂಢನಾಮಕ್ಕೆ ಉದಾಹರಣೆ ಬೇಕಾದವರು ಇದನ್ನು ಇಟ್ಟುಕೊಳ್ಳಬಹುದು.

ಡೆನ್ಮಾರ್ಕಿನ ಈಶಾನ್ಯ ಮೂಲೆಯಲ್ಲಿ, ಸ್ವೀಡನ್ನು ಕಣ್ಣಿಗೆ ಕಾಣುವಷ್ಟು ಕಿರಿದಾದ ಜಲಸಂಧಿಯ ದಡದಲ್ಲಿ, ಕ್ರೋನ್‌ಬೋರ್ ಎಂಬ ಕೋಟೆ ಇದೆ. ಷೇಕ್ಸ್‌ಪಿಯರ್ ಹ್ಯಾಮ್ಲೆಟ್ ನಾಟಕವನ್ನು ಕಟ್ಟಿದ್ದು ಈ ಎಲ್ಸಿನೋರಿನ ಕೋಟೆಯ ಮೇಲೆ. ನಮ್ಮ ಕುವೆಂಪು ಅದೇ ನಾಟಕದ ವಸ್ತುವನ್ನು ಬಿದನೂರಿನ ಕೋಟೆಗೆ ತಂದು ‘ರಕ್ತಾಕ್ಷಿ’ಯಾಗಿಸಿದರು. ಚಿತ್ರದಲ್ಲಿ ಹಸಿರು ತಾಮ್ರದ ಮಾಡು, ಕಂದಕ, ಫಿರಂಗಿ ಎಲ್ಲ ಕಾಣುತ್ತವೆ. ತಂದೆಯ ಪ್ರೇತ ಓಡಾಡುವುದಕ್ಕೆ ಬೇಕಾದ ಇರುಳು ಮಾತ್ರ ಇಲ್ಲ, ಎಲ್ಲೆಲ್ಲೂ ಬಿಸಿಲು.

ಈ ಬಿಸಿಲಿನ ವಿಚಾರಕ್ಕೆ ಮತ್ತೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು. ಹೆಸರಾಂತ ತಾಣವನ್ನು ಗುರುತಿಸುವುದು ಈ ಆಟದ ಅತಿ ಸುಲಭದ ಭಾಗ. ಮಗು ಹಿಂದೆ ನೋಡಿದ್ದ ಚಿತ್ರವನ್ನು ಮತ್ತೆ ನೋಡಿತು, ಅಷ್ಟೆ. ಆದ್ದರಿಂದ ನಮ್ಮ ಶಾಲೆಯಲ್ಲಿ ನಾನೊಂದು ಕಟ್ಟಳೆ ಮಾಡಿದ್ದೇನೆ: ಗೋಪುರ ಕಂಡೊಡನೆ ಅದಕ್ಕೆ ಬೆನ್ನು ತಿರುಗಿಸಬೇಕು. ಎದುರಿನ ಬೀದಿಯನ್ನು ನೋಡಿ, ಇದು ಇಂಥ ದೇಶವೆನ್ನುವುದಕ್ಕೆ ಮೂರು ಕಾರಣ ಕೊಡಬೇಕು. ಆಮೇಲೆ ಬೆರಳಿಡಬಹುದು.

ಕಾರಣಗಳು ಎಲ್ಲಿ ಸಿಗುತ್ತವೆ? ಮೊದಲನೆಯದಾಗಿ ಬೋರ್ಡುಗಳಲ್ಲಿ. ರೋಮನ್ ಲಿಪಿಯ ಓಕಾರವನ್ನು ಓರೆಗೆರೆಯೊಂದು ಸೀಳಿದ್ದರೆ ಅದು ಡೆನ್ಮಾರ್ಕ್ ಅಥವಾ ನಾರ್ವೆ. ಗೆರೆಯ ಬದಲು ತಲೆಯ ಮೇಲೆ ಎರಡು ಚುಕ್ಕೆ ಇದ್ದರೆ ಸ್ವೀಡನ್, ಫಿನ್ಲೆಂಡ್ ಅಥವಾ ಐಸ್ಲೆಂಡ್. ಬೀದಿಗೆ ಸ್ವೀಡನ್ನಿನಲ್ಲಿ ‘ಗಾತ’ ಎಂದು ಬರೆಯುತ್ತಾರೆ, ನಾರ್ವೆಯಲ್ಲಿ ‘ಗಾತೆ’, ಡೆನ್ಮಾರ್ಕಿನಲ್ಲಿ ‘ಗಾದೆ’. ಇವು ಅಕ್ಕತಂಗಿಯರು, ಮುಖ ನೋಡಿದರೆ ತಿಳಿಯುತ್ತದೆ. ಫಿನ್ಲೆಂಡಿನಲ್ಲಿ ಮಾತ್ರ ಬೀದಿಗೆ ‘ಕಾತು’. ಅದು ಬೇರೆ ಮನೆತನದ ಭಾಷೆ. ಹೆಲ್ಸಿಂಕಿಯ ಬೀದಿಯ ಫಲಕದಲ್ಲಿ ಎರಡು ಹೆಸರು, ಒಂದು ಫಿನ್ನಿಷ್, ಒಂದು ಸ್ವೀಡಿಷ್. 1809ರವರೆಗೆ ಆ ನಾಡು ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಇಂದಿಗೂ ಅಲ್ಲಿ ಎರಡೂ ರಾಷ್ಟ್ರಭಾಷೆಗಳೇ. ಫಿನ್ನಿಷಿನಲ್ಲಿ ‘ತಲೊ’ ಎಂದರೆ ಮನೆ, ‘ತಲೊಸ್ಸ’ ಎಂದರೆ ಮನೆಯಲ್ಲಿ, ‘ತಲೊಸ್ತ’ ಎಂದರೆ ಮನೆಯಿಂದ. ಇಂಗ್ಲಿಷಿನಂತೆ ಮುಂದುಗಡೆ ಬೇರೆ ಮಾತು ಬೇಕಿಲ್ಲ. ನಮ್ಮ ವಿಭಕ್ತಿಪ್ರತ್ಯಯದಂತೆ ಬಾಲಕ್ಕೆ ಅಂಟಿಕೊಳ್ಳುತ್ತದೆ. ಕನ್ನಡಕ್ಕೂ ಅದಕ್ಕೂ ನಂಟು ಇದೆಯೆಂದು ನಾನು ಹೇಳುತ್ತಿಲ್ಲ, ಯಾರೂ ಹಾಗೆ ತಿಳಿಯಬಾರದು. ಆದರೆ ವಿಭಕ್ತಿ ಪಾಠವೆಂದರೆ ಆಕಳಿಸುತ್ತಿದ್ದ ಹುಡುಗನೊಬ್ಬ ಆ ದಿನ ಎದ್ದು ನಿಂತು “ಹಾಗಾದರೆ ಸಾರ್, ಫಿನ್ಲೆಂಡಿನವರಿಗೂ ಸಪ್ತಮಿ ಉಂಟೋ?” ಎಂದು ಕೇಳಿದ. ಉಂಟು ಎಂದೆ.

ಬೋರ್ಡು ಇಲ್ಲದ ಕಡೆ ರಸ್ತೆಯೇ ಮಾತಾಡುತ್ತದೆ. ನಾರ್ವೆಯ ರಸ್ತೆಯ ನಡುಗೆರೆ ಹಳದಿ, ಸ್ವೀಡನ್ನಿನದು ಬಿಳಿ. ಸ್ವೀಡನ್ನಿನ ಹಳ್ಳಿಮನೆಗಳ ಹಲಗೆಗೋಡೆಗೆ ಒಂದು ಮಂದವಾದ ಕೆಂಪು. ಅದು ಫಾಲುನ್ ಎಂಬ ಊರಿನ ತಾಮ್ರದ ಗಣಿಯ ಕಸದ ಮಣ್ಣಿನಿಂದ ಮಾಡಿದ ಬಣ್ಣ. 1992ರಲ್ಲಿ ಗಣಿ ಮುಚ್ಚಿತು, ಬಣ್ಣ ಮುಂದುವರಿದಿದೆ.

ಇನ್ನು ಸೂರ್ಯ. ಬೆಂಗಳೂರಿನಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲಿನಲ್ಲೊಮ್ಮೆ ಆಗಸ್ಟಿನಲ್ಲೊಮ್ಮೆ, ನಡುಹಗಲಿನಲ್ಲಿ ಸೂರ್ಯ ನೆತ್ತಿಗೇ ಬಂದು ನೆಟ್ಟ ಕೋಲಿನ ನೆರಳು ಇಲ್ಲವಾಗುತ್ತದೆ. ಉತ್ತರಕ್ಕೆ 64 ಡಿಗ್ರಿಯಲ್ಲಿರುವ ರೇಕ್ಯಾವಿಕ್ಕಿನಲ್ಲಿ ಎಂದಿಗೂ ಹಾಗಾಗದು. ಜೂನಿನ ನಡುಹಗಲಲ್ಲೂ ಸೂರ್ಯ ಐವತ್ತು ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತಾನೆ. ಡಿಸೆಂಬರಿನ ಕಡುಚಳಿಯಲ್ಲಿ ದಿಗಂತದಿಂದ ಮೂರು ಡಿಗ್ರಿಯಷ್ಟೂ ಏರದೆ, ಸುಮಾರು ನಾಲ್ಕು ಗಂಟೆಯ ಹಗಲು ಕೊಟ್ಟು ಇಳಿದುಬಿಡುತ್ತಾನೆ. ನೆರಳಿನ ಉದ್ದ ನೋಡಿ ಅಕ್ಷಾಂಶವನ್ನು ಊಹಿಸುವ ಮಕ್ಕಳು ಈಗ ನಮ್ಮಲ್ಲಿದ್ದಾರೆ. ಭೂಗೋಳದ ಮೇಷ್ಟರಿಗೂ ಇದರಿಂದ ಸಂತೋಷವೇ.

ಆದರೆ ಆ ಡಿಸೆಂಬರನ್ನು ಆಟದಲ್ಲಿ ನೋಡುವುದು ಅಪರೂಪ. ಕ್ಯಾಮೆರಾದ ಕಾರು ಓಡಾಡುವುದು ಹೆಚ್ಚಾಗಿ ಒಳ್ಳೆಯ ಹವೆಯಲ್ಲಿ, ಹಗಲು ಹೊತ್ತಿನಲ್ಲಿ. ಹೀಗಾಗಿ ವರ್ಷದ ಅರ್ಧ ಭಾಗ ಹಿಮ ಮತ್ತು ಕತ್ತಲೆಯೊಡನೆ ಏಗುವ ದೇಶಗಳು ಪರದೆಯ ಮೇಲೆ ಸದಾ ಹಸಿರಾಗಿ, ಸದಾ ಬಿಸಿಲಾಗಿ ಕಾಣುತ್ತವೆ. ಚಳಿಯಿಲ್ಲದ ನಾರ್ವೆ! ನಮ್ಮ ಮಲೆನಾಡನ್ನು ಮಾರ್ಚಿಯಲ್ಲಷ್ಟೇ ನೋಡಿದವನು ಆಗುಂಬೆಯನ್ನು ಬಲ್ಲೆ ಎಂದಂತೆ. ಇನ್ನೊಂದು ಕೊರತೆಯನ್ನು ಕಂಡುಹಿಡಿದವಳು ಒಂಬತ್ತನೆಯ ತರಗತಿಯ ಹುಡುಗಿ. “ಅಲ್ಲಿಯವರಿಗೆ ಮುಖವೇ ಇಲ್ಲವೇ ಸಾರ್?” ಎಂದಳು. ದಾರಿಹೋಕರ ಗುಟ್ಟು ಕಾಯುವುದಕ್ಕಾಗಿ ಯಂತ್ರ ಎಲ್ಲರ ಮುಖವನ್ನೂ ಮಸುಕು ಮಾಡುತ್ತದೆ, ಅದು ನ್ಯಾಯವೇ. ಆದರೆ ಆಮೇಲೆ ಆ ಹುಡುಗಿ ಪ್ರತಿ ಚಿತ್ರದಲ್ಲೂ ಮನುಷ್ಯರನ್ನೇ ಹುಡುಕತೊಡಗಿದಳು. ಸೈಕಲ್ಲಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡ ತಾಯಿ, ಬಂದರಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದ ಕೂಲಿಕಾರ. ಇವರಿಗೆ ಅಂಕವಿಲ್ಲ.

ಈ ಆಟದಲ್ಲಿ ಜಗತ್ತಿನ ಪಂದ್ಯಾವಳಿಯೇ ನಡೆಯುತ್ತದೆ. ಮೊದಲನೆಯದು 2023ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆಯಿತು. ಚಿತ್ರ ಮಿಂಚಿ ಮರೆಯಾಗುವಷ್ಟರಲ್ಲಿ ದೇಶ ಹೇಳಿಬಿಡುವ ತರುಣರಿದ್ದಾರೆ. ಅವರ ಸಾಮರ್ಥ್ಯಕ್ಕೆ ತಲೆದೂಗುತ್ತೇನೆ. ಆದರೆ ಇಂಥ ದೇಶದಲ್ಲಿ ಕ್ಯಾಮೆರಾ ಎಂಥದು, ಕಾರಿನ ಬಣ್ಣ ಯಾವುದು ಎಂಬ ಲೆಕ್ಕದ ಮೇಲೂ ಅವರ ಊಹೆ ನಡೆಯುತ್ತದೆ. ಅದು ಚಿತ್ರ ತೆಗೆದವರ ಪರಿಚಯ, ನಾಡಿನ ಪರಿಚಯವಲ್ಲ. ನಲವತ್ತು ನಿಮಿಷದ ಅವಧಿಯಲ್ಲಿ ಒಂದೇ ಚಿತ್ರ ನೋಡುವ ನಮ್ಮ ಮಕ್ಕಳು ಅಂಥ ಪಂದ್ಯದಲ್ಲಿ ಮೊದಲ ಸುತ್ತಿಗೇ ಹೊರಬೀಳುತ್ತಾರೆ. ಬೀಳಲಿ.

2022ರ ಜುಲೈನಿಂದ ನಮ್ಮ ದೇಶದ ಬೀದಿಗಳೂ ಈ ಸ್ಟ್ರೀಟ್ ವ್ಯೂ ಚಿತ್ರಗಳಿಗೆ ಸೇರತೊಡಗಿವೆ. ಮೊದಲು ಸೇರಿದ ಹತ್ತು ನಗರಗಳಲ್ಲಿ ಬೆಂಗಳೂರೂ ಒಂದು, ಹೈದರಾಬಾದೂ ಒಂದು. ಅಂದರೆ ಹೆಲ್ಸಿಂಕಿಯ ಒಬ್ಬ ಬಾಲಕನ ಮುಂದೆ ಇದ್ದಕ್ಕಿದ್ದಂತೆ ನಮ್ಮ ಕಿರಾಣಿ ಅಂಗಡಿಯ ಬೋರ್ಡೊಂದು ಬಂದು ನಿಲ್ಲಬಹುದು. ದುಂಡು ದುಂಡಾದ ಅಕ್ಷರ, ಕನ್ನಡವೋ ತೆಲುಗೋ? ಅಕ್ಷರದ ಹೊಟ್ಟೆಯನ್ನು ನೋಡಿದರೆ ಅವನಿಗೆ ತಿಳಿಯದು, ಎರಡೂ ಒಂದೇ ತಾಯಿಯ ಮಕ್ಕಳು. ತಲೆಕಟ್ಟನ್ನು ನೋಡಬೇಕು. ಅಡ್ಡಲಾಗಿ ಎಳೆದ ಗೆರೆ ತುದಿಯಲ್ಲಿ ಬಾಗಿದ್ದರೆ ಕನ್ನಡ. ಮೇಷ್ಟರು ಉತ್ತರಪತ್ರಿಕೆಯಲ್ಲಿ ‘ಸರಿ’ ಎಂದು ಹಾಕುವ ಗುರುತಿನಂತೆ ಮೇಲಕ್ಕೆ ಚಿಮ್ಮಿದ್ದರೆ ತೆಲುಗು.