ಒಕ್ಕಲುತನದಲ್ಲಿ ಮಾತೆಯರ ಕಾಯಕ



ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದನ್ನು ಹಿಂದಿರುಗಿಸಿ ಬರಹೇಳಿದವರು ಸತಿ ಲಕ್ಕಮ್ಮನವರು. ಮನೆಯ ಧಾನ್ಯದ ಅಳತೆಯನ್ನು ಅಂದು ನಿರ್ಣಯಿಸಿದವಳು ಹೆಣ್ಣು.

ನಮ್ಮ ಅಜ್ಜೀಪುರದ ಸೀಮೆಯಲ್ಲಿ ರಾಗಿಯ ಬೀಜವನ್ನು ಕಾಪಿಡುವವಳೂ, ಕಳೆ ಕೀಳುವವಳೂ, ಕೊಯ್ದು ಕೇರುವವಳೂ ಹೆಚ್ಚಾಗಿ ಅವಳೇ. ಉಳುಮೆಯು ಗಂಡಸಿನದಾಗಿದ್ದಿತು, ಅದನ್ನೂ ಈಗ ಟ್ರಾಕ್ಟರು ಮಾಡುವುದು! ಆದರೂ ಪಹಣಿಯಲ್ಲಿ ಅವಳ ಹೆಸರು ಅಪೂರ್ವವು. ಹೆಸರಿಲ್ಲದವಳಿಗೆ ಬೆಳೆಸಾಲವೂ ಬೆಳೆನಷ್ಟದ ಪರಿಹಾರವೂ ದೊರೆಯುವುದು ಕಷ್ಟ.

ಅವಿಭಕ್ತ ಕುಟುಂಬದ ಆಸ್ತಿಯಲ್ಲಿ 1994ರ ಕರ್ನಾಟಕದ ಶಾಸನವು ಮದುವೆಯಾಗದ ಮಗಳಿಗೂ, 2005ರ ಭಾರತದ ಶಾಸನವು ಮದುವೆಯಾದವಳಿಗೂ ಸಮಪಾಲನ್ನು ವಿಧಿಸಿದವು. ಮದುವೆಯಲ್ಲಿ ಕೊಟ್ಟದ್ದೇ ಪಾಲೆಂದು ಹೇಳಿ ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡ ಅಣ್ಣಂದಿರು ಈ ಸಭೆಯಲ್ಲಿಯೂ ಇರಬಹುದು.

ವಿಶ್ವಸಂಸ್ಥೆಯು 2026ನ್ನು ರೈತ ಮಹಿಳೆಯರ ವರ್ಷವೆಂದು ಸಾರಿದೆ. ಮಠಕ್ಕೆ ರಾಗಿಯನ್ನು ಅರ್ಪಿಸಲು ಬರುವ ಭಕ್ತರು ಮುಂದಿನ ಸುಗ್ಗಿಯೊಳಗಾಗಿ ತಮ್ಮ ಮನೆಯ ಪಹಣಿಯನ್ನೊಮ್ಮೆ ತೆಗೆದು ನೋಡಬೇಕೆಂದು ಬಿನ್ನವಿಸುವೆನು.